ಹದಿನಾಲ್ಕನೆಯ ದಿನವೆಂಬ ಮೂಢನಂಬಿಕೆ

ವಿವಾಹ ಸಿದ್ಧತಾ ಶಿಬಿರಗಳಲ್ಲಿ ಇಂದಿಗೂ ‘ಹದಿನಾಲ್ಕನೆಯ ದಿನ’ವನ್ನೇ ಮಂತ್ರದಂತೆ ಬೋಧಿಸುವವರಿದ್ದಾರೆ. ಅಂಡವೇನು ಕ್ಯಾಲೆಂಡರ್ ನೋಡಿ ಹೊರಬರುತ್ತದೆಯೇ? ಅಂಡೋತ್ಸರ್ಗದಿಂದ ಮುಂದಿನ ಮುಟ್ಟಿನವರೆಗೆ ಸುಮಾರು 14 ದಿನ. ಹಿಗ್ಗುವುದು, ಕುಗ್ಗುವುದು ಹೆಚ್ಚಾಗಿ ಅದಕ್ಕೆ ಮುಂಚಿನ ಅವಧಿ. 35 ದಿನಗಳ ಋತುಚಕ್ರದವಳಿಗೆ ಅದು ಇಪ್ಪತ್ತೊಂದನೆಯ ದಿನದ ಆಸುಪಾಸು. ಅಂಡದ ಆಯುಷ್ಯ ಒಂದು ದಿನವನ್ನು ಮೀರದು. ವೀರ್ಯಾಣು ಐದು ದಿನ ಬದುಕಬಲ್ಲದು. ಗರ್ಭ ನಿಲ್ಲುವ ಕಾಲವೆಂದರೆ ಆ ಆರು ದಿನಗಳೇ. 1953ರಲ್ಲಿ ಮೆಲ್ಬರ್ನಿನ ವೈದ್ಯ ಜಾನ್ ಬಿಲ್ಲಿಂಗ್ಸ್ ಆರಂಭಿಸಿದ ಅಧ್ಯಯನವು, ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಎಳೆಬರುವ ಸ್ರಾವವೇ ಅದರ ಗುರುತೆಂದು ತೋರಿಸಿತು. ಇದನ್ನು ಹೇಳಿಕೊಡಲು ನಾಚುವ ನಾವು, ಮಗುವಾಗದ ಸೊಸೆಯನ್ನು ಬಂಜೆಯೆನ್ನಲು ಮಾತ್ರ ನಾಚುವುದಿಲ್ಲ. ಮಗನ ವೀರ್ಯಪರೀಕ್ಷೆಗೆ ಎಷ್ಟು ಮಂದಿ ಅತ್ತೆಯರು ಒಪ್ಪಿದ್ದಾರೆ?