ಬಾಡಿಗೆಗೆ ಕೊಟ್ಟ ಮನೆ: ಒಡೆಯರ ಸಂದೇಹಗಳಿಗೆ ಸಮಾಧಾನ



ರೋಣ ಸಮೀಪದ ಸವಡಿಯಂತಹ ಊರುಗಳಲ್ಲಿ ಬೀಗ ಹಾಕಿದ ಹಿರಿಯರ ಮನೆಗಳು ಕಾಣಸಿಗುತ್ತವೆ. ಮಕ್ಕಳು ನೌಕರಿಯ ನಿಮಿತ್ತ ಗದಗ, ಹುಬ್ಬಳ್ಳಿ, ಬೆಂಗಳೂರು ಸೇರಿರುತ್ತಾರೆ. ಮಣ್ಣಿನ ಮೇಲ್ಮುದ್ದೆಯ ಮನೆಯಲ್ಲಿ ಜನವಾಸವಿಲ್ಲದಿದ್ದರೆ ಮಳೆನೀರು ಸೋರಿ ತೊಲೆ-ಜಂತಿಗಳು ಹಾಳಾಗುತ್ತವೆ. ಆದರೂ ಬಾಡಿಗೆಗೆ ಕೊಡಲು ಅನೇಕರು ಅಂಜುತ್ತಾರೆ. ಆ ಅಂಜಿಕೆಯ ಹಿಂದಿರುವ ಪ್ರಶ್ನೆಗಳನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬಹುಕಾಲ ಬಾಡಿಗೆಗಿದ್ದವರು ಮನೆಯ ಒಡೆಯರೇ ಆಗಿಬಿಡುವರೆ?

ಉತ್ತರ: ಇಲ್ಲ. ಲಾವಣಿ ಹಾಕಿದ ಹೊಲಗಳನ್ನು ಕಳೆದುಕೊಂಡ ನೆನಪಿನಿಂದ ಈ ಭಯ ಹುಟ್ಟಿದೆ. 1961ರ ಕರ್ನಾಟಕ ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸು ಅವರ ಕಾಲದಲ್ಲಿ ಆದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನು ಸರಕಾರಕ್ಕೆ ಸೇರಿ, ಉಳುವವರಿಗೆ ಅದರ ಹಕ್ಕು ದೊರೆಯುವಂತಾಯಿತು. ಅದು ಕೃಷಿಭೂಮಿಯ ಮಾತು. ಊರೊಳಗಿನ ವಾಸದ ಮನೆಗೆ ಅನ್ವಯಿಸದು. ಒಡೆಯನ ಒಪ್ಪಿಗೆಯಿಂದ ಬಾಡಿಗೆಗೆ ಬಂದವನು ಹನ್ನೆರಡು ವರ್ಷ ಇದ್ದ ಮಾತ್ರಕ್ಕೆ ಒಡೆಯನಾಗುವುದಿಲ್ಲ. ಆದರೆ ಬಾಡಿಗೆಯ ಸಂಬಂಧ ಮುಗಿದ ಮೇಲೆ ಸ್ವಾಧೀನಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯು 12 ವರ್ಷಗಳ ಅವಧಿ ಇಟ್ಟಿದೆ. ಆದುದರಿಂದ ಸುಮ್ಮನೆ ಕೂಡುವುದು ಸಲ್ಲದು.

ಪ್ರಶ್ನೆ: ಕರಾರುಪತ್ರವನ್ನು 11 ತಿಂಗಳಿಗೇ ಏಕೆ ಬರೆಸುತ್ತಾರೆ?

ಉತ್ತರ: ಒಂದು ವರ್ಷಕ್ಕೆ ಮೀರಿದ ಅವಧಿಯ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು, ಆ ವೆಚ್ಚ ತಪ್ಪಿಸಲು ಈ ರೂಢಿ ಬಂದಿದೆ. ಅವಧಿ ಎಷ್ಟೇ ಇರಲಿ, ಬಾಡಿಗೆ, ಮುಂಗಡ, ವಿದ್ಯುತ್ ಬಿಲ್ಲು, ರಿಪೇರಿಯ ಹೊಣೆ ಇವನ್ನು ಸ್ಪಷ್ಟವಾಗಿ ಬರೆಸಿರಿ. ಮೇಲ್ಮುದ್ದೆಯ ಮನೆಯಾದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವವರು ಯಾರೆಂಬುದನ್ನೂ ಸೇರಿಸಿರಿ. ಪ್ರತಿ ತಿಂಗಳೂ ಪಾವತಿ ಕೊಡಿರಿ. ಪರಿಚಯದವರೆಂದು ಬಾಯಿಮಾತಿನಲ್ಲಿ ಬಿಟ್ಟರೆ ಸ್ನೇಹವೂ ಮನೆಯೂ ಎರಡೂ ಕೆಡುತ್ತವೆ.

ಪ್ರಶ್ನೆ: ಬಾಡಿಗೆಯ ಬದಲು ಭೋಗ್ಯಕ್ಕೆ ಕೊಡಬಹುದೆ?

ಉತ್ತರ: ಕೊಡಬಹುದು. ಆದರೆ ಇಡಿಗಂಟಾಗಿ ಕೈಸೇರಿದ ಹಣ ಆದಾಯವಲ್ಲ, ಸಾಲ. ಅದನ್ನು ಮದುವೆಗೋ ಬೋರ್‌ವೆಲ್‌ಗೋ ವೆಚ್ಚಮಾಡಿದರೆ ಅವಧಿ ತೀರಿದಾಗ ಮನೆ ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣದ ಭೋಗ್ಯ ಅಡಮಾನವಾದರೆ ಪತ್ರವನ್ನು ನೋಂದಾಯಿಸಲೇಬೇಕು.

ಪ್ರಶ್ನೆ: ಬಾಡಿಗೆ ಕೊಡದವರ ಮನೆಗೆ ಬೀಗ ಜಡಿಯಬಹುದೆ?

ಉತ್ತರ: ಕೂಡದು. ನೀರು, ದೀಪ ಕಡಿಯುವುದೂ ಕೂಡದು. ಬಲವಂತದಿಂದ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಟ್ಟಿದೆ. ತಿಂಗಳ ಬಾಡಿಗೆಯ ಮನೆಗೆ, ಬೇರೆ ಕರಾರು ಇರದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಆಗಲೂ ಬಿಡದಿದ್ದರೆ ನ್ಯಾಯಾಲಯವೇ ದಾರಿ. ಪಟ್ಟಣದ ಮನೆಗಳಾದರೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದೋ ಇಲ್ಲವೋ ಎಂಬುದನ್ನು ವಕೀಲರಲ್ಲಿ ವಿಚಾರಿಸಿರಿ.

ಪ್ರಶ್ನೆ: ನಮ್ಮವರಿಗೆ ಮಾತ್ರ ಮನೆ ಕೊಟ್ಟರೆ ತಪ್ಪೇನು?

ಉತ್ತರ: ಹೊರ ಊರಿನಿಂದ ಬಂದ ಶಿಕ್ಷಕಿಯೋ ನರ್ಸಮ್ಮನೋ ಮನೆ ಸಿಗದೆ ದಿನವೂ ಬಸ್ಸಿನಲ್ಲಿ ಓಡಾಡಿದರೆ ನಷ್ಟ ಊರಿನದೇ. ಬಾಡಿಗೆಗೆ ಬರುವವರ ನಡತೆ, ಉದ್ಯೋಗಗಳನ್ನು ವಿಚಾರಿಸುವುದು ಜಾಣತನ. ಕುಲವನ್ನು ವಿಚಾರಿಸುವುದು, ಕುಲದ ಮೇಲು-ಕೀಳನ್ನು ಅಲ್ಲಗಳೆದ ಶರಣರ ಹೆಸರು ಹೇಳುವ ನಮಗೆ ಶೋಭಿಸದು.

ಮನೆ ಕೊಟ್ಟವರು, ಪಡೆದವರು ಇಬ್ಬರೂ ಬರೆದ ಮಾತಿಗೆ ನಿಂತರೆ ಹಿರಿಯರ ಮನೆಯಲ್ಲಿ ಮತ್ತೆ ದೀಪ ಹತ್ತೀತು.