ಕಳೆದುಹೋದ ಹಾಡು, ಮತ್ತೆ ಕಟ್ಟಿದ ಹಾಡು



ಮಕ್ಕಳು ಕೇಳುವ ಇಂಗ್ಲಿಷ್ ಹಾಡೆಂದರೆ ನಮ್ಮಲ್ಲಿ ಎಷ್ಟೋ ತಾಯಂದಿರಿಗೆ ತಲೆನೋವು. "ಇದು ಹಾಡೇನೋ, ಅಟ್ಟದಿಂದ ಪಾತ್ರೆ ಉರುಳಿದ ಸದ್ದೇನೋ" ಅಂತ ಬೈಯುವುದೂ ಉಂಟು. ಸದ್ದಿನ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಅಂಥ ಒಂದು ಸದ್ದಿನ ಹಿಂದೆ ಮೂವರು ಗೆಳೆಯರ ಕಥೆಯಿದೆ. ಕಷ್ಟಪಟ್ಟು ಮಾಡಿದ ಕೆಲಸವೆಲ್ಲ ಒಂದೇ ಏಟಿಗೆ ಕೈಬಿಟ್ಟು ಹೋದರೆ ಏನು ಮಾಡಬೇಕು? ಈ ಪ್ರಶ್ನೆ ಅವರಿಗೆ ಬಂದ ಹಾಗೆ ಮನೆ ನಡೆಸುವ ನಮಗೂ ಬರುತ್ತದಲ್ಲವೇ? ಅದಕ್ಕೇ ಈ ಸಲ ಅವರ ವಿಷಯ.

ತಂಡದ ಹೆಸರು ಗ್ರೀನ್ ಡೇ. ಊರು ಅಮೆರಿಕದ ಕ್ಯಾಲಿಫೋರ್ನಿಯಾ ಕಡೆ. ಗಿಟಾರು ಬಾರಿಸಿ ಹಾಡುವವನು ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್, ಬೇಸ್ ಗಿಟಾರಿಗೆ ಮೈಕ್ ಡರ್ಂಟ್, ಡ್ರಮ್ಮಿಗೆ ಟ್ರೇ ಕೂಲ್. ಮೂವರೂ 1972ರಲ್ಲಿ ಹುಟ್ಟಿದವರು. ಬಿಲ್ಲಿ ಜೋ ಬೆಳೆದದ್ದು ರೋಡಿಯೋ ಎಂಬ ಸಣ್ಣ ಊರಿನಲ್ಲಿ. ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯಿರುವ ಊರು ಅದು. ಆರು ಮಕ್ಕಳಲ್ಲಿ ಇವನೇ ಕೊನೆಯವನು. ತಂದೆ ಲಾರಿ ಚಾಲಕ, ಸಂಗೀತವೂ ಬಲ್ಲವರು. 1982ರ ಸೆಪ್ಟೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಹುಡುಗನಿಗೆ ಹತ್ತೇ ವರ್ಷ. ತಾಯಿ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ ಮಾಡಿ ಸಂಸಾರ ತೂಗಿಸಿದರು. ಮೈಕನ ಸ್ನೇಹವೂ ಆ ಹತ್ತರ ವಯಸ್ಸಿನಲ್ಲೇ ಬೆಳೆದದ್ದು.

ಇವರ ಹಾಡಿನ ಬಗೆಗೆ ಪಾಪ್-ಪಂಕ್ ಅಂತ ಹೆಸರು. ಪಂಕ್ ಎಂದರೆ ಎಪ್ಪತ್ತರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ ಕಡೆ ಬೆಳೆದ ಸಿಟ್ಟಿನ ಸಂಗೀತ. ಎರಡು ಮೂರು ನಿಮಿಷದ ಹಾಡು, ಓಡುವ ತಾಳ, ಕಿರಿಚುವ ದನಿ. ಅದಕ್ಕೆ ಗುನುಗಬಹುದಾದ ಇಂಪಿನ ಧಾಟಿ ಸೇರಿಸಿದರೆ ಪಾಪ್-ಪಂಕ್. ಹುಳಿ-ಖಾರ ಹೆಚ್ಚಾದ ಗೊಜ್ಜಿಗೆ ನಾವು ಬೆಲ್ಲದ ಚೂರು ಹಾಕುವುದಿಲ್ಲವೇ, ಹಾಗೆ ಅಂತಿಟ್ಟುಕೊಳ್ಳಿ.

1994ರಲ್ಲಿ ಇವರ 'ಡೂಕಿ' ಆಲ್ಬಮ್ ಬಂತು. ಅಮೆರಿಕದಲ್ಲೇ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ಹೆಸರು ಬಂದಂತೆಲ್ಲ ಹಳೆಯ ನಂಟು ಕಡಿಯಿತು. ಬರ್ಕ್‌ಲಿಯ ಗಿಲ್ಮನ್ ಬೀದಿಯಲ್ಲಿ ಒಂದು ಸಣ್ಣ ಹಾಡುಮನೆ ಇದೆ, ಸ್ವಯಂಸೇವಕರೇ ನಡೆಸುವುದು. ಇವರು ಹಾಡಲು ಕಲಿತದ್ದೇ ಅಲ್ಲಿ. ದೊಡ್ಡ ಕಂಪನಿಯ ಜೊತೆ ಕರಾರು ಮಾಡಿಕೊಂಡವರಿಗೆ ಅಲ್ಲಿ ಜಾಗವಿಲ್ಲ ಎಂಬುದು ನಿಯಮ. 1993ರಲ್ಲಿ ಇವರು ರಿಪ್ರೈಸ್ ಕಂಪನಿಗೆ ಸಹಿ ಹಾಕಿದರು, ಆ ಬಾಗಿಲು ಮುಚ್ಚಿತು. ಮತ್ತೆ ಅಲ್ಲಿ ನಿಂತು ಹಾಡಿದ್ದು 2015ರಲ್ಲಿ, ಸಹಾಯಾರ್ಥ ಕಾರ್ಯಕ್ರಮಕ್ಕಾಗಿ.

ಏರಿದ ಮೇಲೆ ಇಳಿಯುವುದೂ ಇದ್ದದ್ದೇ. 2000ರಲ್ಲಿ ಬಂದ 'ವಾರ್ನಿಂಗ್' ಹಿಂದಿನವುಗಳಷ್ಟು ಮಾರಾಟವಾಗಲಿಲ್ಲ. 2002ರಲ್ಲಿ ಬ್ಲಿಂಕ್-182 ಎಂಬ ತಂಡದ ಜೊತೆ ಊರೂರು ಸುತ್ತಿದರು. ಇವರಿಗಿಂತ ಆಮೇಲೆ ಹೆಸರು ಮಾಡಿದ ಹುಡುಗರು ಅವರು. ಅವರಿಗಿಂತ ಮೊದಲು ವೇದಿಕೆ ಹತ್ತಿ, ಮುಖ್ಯ ಹೊತ್ತನ್ನು ಅವರಿಗೆ ಬಿಟ್ಟುಕೊಡಬೇಕಾಯಿತು. ಮನೆಯ ಹಿರಿ ಸೊಸೆಯನ್ನು ಪಂಕ್ತಿಯ ಕೊನೆಗೆ ಕೂರಿಸಿದ ಹಾಗೆ! ಒಳಗೊಳಗೇ ಮನಸ್ತಾಪವೂ ಬೆಳೆದಿತ್ತು. ಎಲ್ಲ ಬಿಲ್ಲಿ ಜೋ ಹೇಳಿದಂತೆಯೇ, ನಮ್ಮ ಮಾತಿಗೆ ಬೆಲೆಯಿಲ್ಲ ಅನ್ನುವುದು ಉಳಿದಿಬ್ಬರ ಕೊರಗು.

ಇಷ್ಟರ ನಡುವೆ ಹೊಸ ಆಲ್ಬಮ್ಮಿಗೆಂದು ಸುಮಾರು ಇಪ್ಪತ್ತು ಹಾಡು ಧ್ವನಿಮುದ್ರಣ ಮಾಡಿದ್ದರು. 'ಸಿಗರೆಟ್ಸ್ ಅಂಡ್ ವ್ಯಾಲೆಂಟೈನ್ಸ್' ಅಂತ ಹೆಸರೂ ಇಟ್ಟಾಗಿತ್ತು. ಆ ಮೂಲ ಟೇಪುಗಳೇ ಕಳುವಾದವು! ವರ್ಷದ ಹಪ್ಪಳ-ಸಂಡಿಗೆಯೆಲ್ಲ ಒಣಗಿಸಿ ಡಬ್ಬಿ ತುಂಬಿಟ್ಟ ಮೇಲೆ ಡಬ್ಬಿಯೇ ಮಾಯವಾದರೆ ಹೊಟ್ಟೆ ಹೇಗೆ ಉರಿಯಬೇಡ?

ಅವರ ನಿರ್ಮಾಪಕ ರಾಬ್ ಕವಾಲೋ ಸಮಾಧಾನದ ಮಾತಾಡುತ್ತಾ ಕೂರಲಿಲ್ಲ. ಕಳೆದುಹೋದ ಆ ಹಾಡುಗಳು ನಿಜಕ್ಕೂ ನೀವು ಮಾಡಬಲ್ಲ ಅತ್ಯುತ್ತಮ ಕೆಲಸವೇ ಅಂತ ಕೇಳಿದ. ಮೂವರೂ ಯೋಚನೆ ಮಾಡಿದರು. ಹೌದು ಅನ್ನಲು ಬಾಯಿ ಬರಲಿಲ್ಲ. ಸರಿ, ಹಳೆಯದನ್ನೇ ನೆನಪು ಮಾಡಿಕೊಂಡು ಮತ್ತೆ ಹಾಡುವ ಗೋಜು ಬೇಡ, ಮೊದಲಿಂದ ಹೊಸದೇ ಮಾಡೋಣ ಅಂತ ತೀರ್ಮಾನವಾಯಿತು.

ಅದಕ್ಕೂ ಮುಖ್ಯವಾದ ಇನ್ನೊಂದು ಕೆಲಸ ಮಾಡಿದರು ನೋಡಿ. ವಾರಕ್ಕೊಮ್ಮೆ ಮೂವರೂ ಕೂತು ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿ ಮಾತಾಡುವ ಪದ್ಧತಿ ಇಟ್ಟುಕೊಂಡರು. ತಂಡ ಮುಂದುವರಿಯಬೇಕೇ ಬೇಡವೇ ಎಂಬ ಮಾತೂ ಅಲ್ಲಿ ಬಂತು. ಮುಂದುವರಿಯಬೇಕು, ಆದರೆ ಎಲ್ಲರ ಮಾತೂ ನಡೆಯಬೇಕು ಅಂತಾಯಿತು.

ಅದರ ಫಲ ಹಾಡಿನಲ್ಲೇ ಕಾಣುತ್ತದೆ. ಒಂದು ದಿನ ಮೈಕ್ ಸ್ಟುಡಿಯೋದಲ್ಲಿ ಒಬ್ಬನೇ ಕೂತು ಅರ್ಧ ನಿಮಿಷದ ಒಂದು ತುಂಡು ಹಾಡು ಮಾಡಿದ. ನಾನೂ ಒಂದು ಮಾಡುತ್ತೇನೆ ಅಂದ ಬಿಲ್ಲಿ ಜೋ. ಟ್ರೇ ಸುಮ್ಮನಿರುತ್ತಾನೆಯೇ? ಹೀಗೆ ಒಬ್ಬೊಬ್ಬರ ತುಂಡನ್ನೂ ಸೇರಿಸಿ, ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಕೌದಿ ಹೊಲಿದ ಹಾಗೆ ಹೊಲಿದು, ಒಂಬತ್ತು ನಿಮಿಷ ದಾಟುವ 'ಹೋಮ್‌ಕಮಿಂಗ್' ಹಾಡು ಮಾಡಿದರು. ಅದರಲ್ಲಿ ಮೈಕನ ದನಿಯೂ ಇದೆ, ಟ್ರೇನ ದನಿಯೂ ಇದೆ.

ಹಾಗೆ 2004ರ ಸೆಪ್ಟೆಂಬರಿನಲ್ಲಿ ಹೊರಬಂದದ್ದೇ 'ಅಮೆರಿಕನ್ ಈಡಿಯಟ್'. ಬಿಡಿ ಬಿಡಿ ಹಾಡಿನ ಕಂತೆಯಲ್ಲ ಅದು, ಒಂದು ಕಥೆ. ಬೇಸರದಿಂದ ಊರು ಬಿಟ್ಟು ಮಹಾನಗರ ಸೇರಿದ ಹುಡುಗನೊಬ್ಬ ಕೆಟ್ಟ ಸಹವಾಸ ಮಾಡುತ್ತಾನೆ, ಒಂದು ಹುಡುಗಿಯನ್ನು ಮೆಚ್ಚಿ ಕಳೆದುಕೊಳ್ಳುತ್ತಾನೆ, ಕಡೆಗೆ ಊರಿಗೆ ಮರಳುತ್ತಾನೆ. ಎಷ್ಟೋ ವರ್ಷದ ಮೇಲೆ ನೆನೆದರೆ ಆಕೆಯ ಹೆಸರೇ ಮರೆತುಹೋಗಿರುತ್ತದೆ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧ ಹೂಡಿತ್ತು, ಟಿ.ವಿ. ಬಿಡುವಿಲ್ಲದೆ ಅದನ್ನೇ ಬಿತ್ತರಿಸುತ್ತಿತ್ತು. ಜನರನ್ನು ಹೆದರಿಸಿ ಕುರಿ ಮಾಡುವುದರ ಮೇಲಿನ ಸಿಟ್ಟು ಆ ಮೊದಲ ಹಾಡಿನಲ್ಲಿದೆ.

ತಂದೆಯನ್ನು ಕಳೆದುಕೊಂಡ ಆ ಸೆಪ್ಟೆಂಬರಿನ ದುಃಖವೂ ಇದರಲ್ಲೇ ಒಂದು ಹಾಡಾಯಿತು. ಹೆಸರು 'ವೇಕ್ ಮಿ ಅಪ್ ವೆನ್ ಸೆಪ್ಟೆಂಬರ್ ಎಂಡ್ಸ್'. ಮೆಲ್ಲಗೆ ಶುರುವಾಗುವ ಹಾಡು, ಇದನ್ನು ನೀವೂ ಕೇಳಬಹುದು. ಹತ್ತು ವರ್ಷದ ಮಗುವಿನ ನೋವು ಬಾಯಿಗೆ ಬರಲು ಇಪ್ಪತ್ತು ವರ್ಷ ಮೀರಿ ಬೇಕಾಯಿತು! ಮಕ್ಕಳು ಅಳಲಿಲ್ಲ ಎಂದಮಾತ್ರಕ್ಕೆ ಮರೆತರು ಅಂತ ನಾವು ತಿಳಿಯಬಾರದು.

ಜನ ಹೇಗೆ ತೆಗೆದುಕೊಂಡರು ಅಂತೀರಾ? ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2005ರಲ್ಲಿ ಅತ್ಯುತ್ತಮ ರಾಕ್ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ, ಮರುವರ್ಷ ಇದರದೇ 'ಬೊಲೆವಾರ್ಡ್ ಆಫ್ ಬ್ರೋಕನ್ ಡ್ರೀಮ್ಸ್' ಹಾಡಿಗೆ ಇನ್ನೊಂದು ಗ್ರ್ಯಾಮಿ. 2010ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಸಂಗೀತ ನಾಟಕವೂ ಆಯಿತು. ಎಲ್ಲರೂ ಹೊಗಳಿದರು ಅಂತಲ್ಲ. ದಿ ಕಿಲ್ಲರ್ಸ್ ತಂಡದ ಗಾಯಕ ಬ್ರಾಂಡನ್ ಫ್ಲವರ್ಸ್ ಸಿಟ್ಟಾದ. ಸ್ವಂತ ದೇಶವನ್ನು ಬೈಯುವ ಹಾಡನ್ನು ಹೊರದೇಶದ ಜನರ ಬಾಯಲ್ಲಿ ಹಾಡಿಸುವುದು ಯಾವ ದೊಡ್ಡತನ ಅನ್ನುವುದು ಅವನ ತಕರಾರು. ಮನೆಯ ಜಗಳ ಬೀದಿಗೆ ತರಬಾರದೆನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ ನೋಡಿ.

ಇವರೇನು ಸತ್ಪುರುಷರೆಂದು ನಾನು ಹೇಳುತ್ತಿಲ್ಲ. ಬಿಲ್ಲಿ ಜೋ 2012ರಲ್ಲಿ ಚಟ ಬಿಡಿಸುವ ಚಿಕಿತ್ಸೆಗೆ ಸೇರಬೇಕಾಯಿತು. ಹಾಡಿನಲ್ಲಿ ಒರಟು ಮಾತೂ ಉಂಟು, ಚಿಕ್ಕ ಮಕ್ಕಳಿಗೆ ಹೇಳಿಕೊಡುವಂಥದ್ದಲ್ಲ. ಆದರೂ ಗೆಳೆತನ ಉಳಿಸಿಕೊಂಡರು. 2025ರ ಮಾರ್ಚಿನಲ್ಲಿ ಮುಂಬಯಿಗೂ ಬಂದು ಮೂವರೂ ಒಟ್ಟಿಗೆ ಹಾಡಿಹೋದರು. ಐವತ್ತು ದಾಟಿದ ಮೇಲೆ!

ಟೇಪು ಕಳುವಾದದ್ದು ಒಳ್ಳೆಯದೇ ಆಯಿತು ಅಂತ ಕೆಲವರು ಹೇಳಬಹುದು. ನಾನು ಹಾಗೆನ್ನುವುದಿಲ್ಲ, ಕಳವು ಕಳವೇ. ಟೇಪು ಹೋಗಿ ಇವರು ಸುಮ್ಮನೆ ಕೂತಿದ್ದರೆ ಏನೂ ಹುಟ್ಟುತ್ತಿರಲಿಲ್ಲ. ಕೆಲಸಕ್ಕೆ ಬಂದದ್ದು ಆ ಖಾರವಾದ ಪ್ರಶ್ನೆ, ಮತ್ತು ವಾರದ ಮಾತುಕತೆ. ನಮ್ಮ ಮನೆಗಳಲ್ಲಿ ಯಜಮಾನರು ಒಂದು ಕಡೆ, ಮಕ್ಕಳು ಒಂದು ಕಡೆ, ಅತ್ತೆಯವರು ಒಂದು ಕಡೆ ಮುಖ ಮಾಡಿ ಕೂತಿರುವುದೇ ಹೆಚ್ಚು. ಭಾನುವಾರ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಟಿ.ವಿ., ಮೊಬೈಲು ಎರಡನ್ನೂ ಆರಿಸಿ ಎಲ್ಲರನ್ನೂ ಚಾಪೆ ಮೇಲೆ ಕೂರಿಸಿ. ಅಂದು ಮೊದಲ ಮಾತು ಮನೆಯಲ್ಲಿ ಯಾರ ಮಾತು ಕಡಿಮೆ ನಡೆಯುತ್ತದೋ ಅವರದ್ದಾಗಲಿ. ಬಹಳ ಮನೆಗಳಲ್ಲಿ ಅದು ನೀವೇ ಆಗಿರುತ್ತೀರಿ. ಸಂಕೋಚ ಬೇಡ, ಶುರು ಮಾಡಿ.