ಆಸ್ಪತ್ರೆಯೇ ಮೊದಲು ಹೇಳಲಿ



2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್‌ನ ಗುಣಮಟ್ಟದ ಮೇಲೆ ಅನುಮಾನ ಬಂತು. ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿ ತನಿಖೆಗೆ ಆದೇಶಿಸಿತು. ಅಮಾನತು, ತನಿಖೆ, ಪರಿಹಾರ ಎಲ್ಲವೂ ಬೇಕಾದವೇ. ಆದರೆ ತಾಯಿಯಿಲ್ಲದ ಹಸುಗೂಸನ್ನು ಮಡಿಲಿಗೆ ಹಾಕಿಕೊಂಡ ಅಜ್ಜಿಗೆ ಮೊದಲು ಬೇಕಾದದ್ದು ಉತ್ತರ: ಮಗಳಿಗೆ ಏನಾಯಿತು, ಅದು ನಿಮಗೆ ಯಾವಾಗ ಗೊತ್ತಾಯಿತು, ಇನ್ನೊಬ್ಬರಿಗೆ ಹೀಗಾಗದಂತೆ ಏನು ಮಾಡಿದಿರಿ? ಚಿಕಿತ್ಸೆಯಲ್ಲಿ ಎಡವಟ್ಟಾದಾಗ ಆಸ್ಪತ್ರೆಯೇ ಮನೆಯವರನ್ನು ಕೂರಿಸಿಕೊಂಡು ಇದನ್ನು ಹೇಳಬೇಕೆಂಬ ಕಾನೂನು ನಮಗೆ ಬೇಕು. ಅದಕ್ಕೆ ನೀವೂ ದನಿಗೂಡಿಸಬೇಕೆಂಬುದು ನನ್ನ ಮನವಿ.

ಚಿಕಿತ್ಸೆಯ ದಾಖಲೆ ಕೇಳುವ ಹಕ್ಕು ಈಗಲೂ ಇದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ, ಕೇಳಿದ 72 ಗಂಟೆಯೊಳಗೆ ಅದನ್ನು ಕೊಡಬೇಕು. ಆದರೆ ಕೇಸ್ ಶೀಟಿನಲ್ಲಿ ಸಿಗುವುದು ಬಿಪಿ, ನಾಡಿಮಿಡಿತದ ಅಂಕಿಗಳು, ಇಂಗ್ಲಿಷಿನ ಮೊಟಕಕ್ಷರಗಳು, ಗೀಚಿದ ಸಹಿಗಳು. ಕೂಲಿ ಬಿಟ್ಟು ಬಂದವರಿಗೆ ಅದರಿಂದ ಏನು ತಿಳಿದೀತು? ಬಿಡಿಸಿ ಹೇಳುವವರಿಲ್ಲದಿದ್ದರೆ ಉಳಿಯುವ ದಾರಿ ವಕೀಲರ ಕಚೇರಿ, ಗ್ರಾಹಕರ ಆಯೋಗ, ಅಲೆದಾಟ. ಅದೂ ಕೈಲಾಗದವರು ತಾವೇ ತಡವಾಗಿ ಕರೆತಂದೆವೇನೋ ಎಂದು ಕೊರಗುತ್ತಾರೆ.

ಬಾಯಿಬಿಟ್ಟರೆ ಕೇಸು ಬೀಳುತ್ತದೆ ಎಂಬುದು ವೈದ್ಯರ ಅಳುಕು. ಆದರೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ತಪ್ಪನ್ನು ತಾವಾಗಿಯೇ ತಿಳಿಸಿ ಪರಿಹಾರ ಕೊಡತೊಡಗಿದವು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಲಕ್ಷ ರೋಗಿ ಭೇಟಿಗಳಿಗೆ ತಿಂಗಳಿಗೆ 2.13ರಷ್ಟಿದ್ದ ದಾವೆಗಳು 0.75ಕ್ಕೆ ಇಳಿದವು. ಆ ರಾಜ್ಯದಲ್ಲಿ ದಾವೆಗಳು ಒಟ್ಟಾರೆ ಇಳಿಮುಖವಾಗಿದ್ದ ಕಾಲ ಅದು ಎಂಬುದನ್ನೂ ಒಪ್ಪೋಣ. ಆದರೂ ಭಯಪಟ್ಟಂತೆ ದಾವೆಗಳು ಹೆಚ್ಚಲಿಲ್ಲ. ಇಂಗ್ಲೆಂಡ್ 2014ರಲ್ಲೇ ಹೀಗೆ ತಪ್ಪನ್ನು ತಿಳಿಸುವುದನ್ನು ಆಸ್ಪತ್ರೆಗಳ ಕಾನೂನುಬದ್ಧ ಕರ್ತವ್ಯವಾಗಿಸಿತು. ನಮ್ಮಲ್ಲೂ ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರನ್ನು ಕ್ರಿಮಿನಲ್ ಮೊಕದ್ದಮೆಗೆ ಗುರಿಮಾಡಬಾರದೆಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ನಿಜ ಹೇಳಿದರೆ ಜನ ಕೈಮಾಡುತ್ತಾರೆ ಎನ್ನುವವರಿದ್ದಾರೆ. ವಾರ್ಡಿನ ಬಾಗಿಲಲ್ಲಿ ಗಂಟೆಗಟ್ಟಲೆ ಕಾಯಿಸಿ, ಕೊನೆಗೆ ಶವ ಒಪ್ಪಿಸಿ ಒಳಗೆ ಹೋಗಿಬಿಟ್ಟರೆ ಸಿಟ್ಟು ಇಮ್ಮಡಿಯಾಗುವುದಿಲ್ಲವೇ? ಆದರೂ ವೈದ್ಯರ ಮೇಲೆ ಕೈ ಎತ್ತುವುದು ಅಪರಾಧ. ಸತ್ಯ ಕೇಳುವ ನಾವು ಅದನ್ನು ಕೇಳಿಸಿಕೊಳ್ಳುವ ಸಂಯಮವನ್ನೂ ತೋರಬೇಕು.

ಆದ್ದರಿಂದ ನಿಮ್ಮ ಶಾಸಕರಿಗೆ ಪತ್ರ ಬರೆಯಿರಿ, ಗ್ರಾಮಸಭೆಯಲ್ಲಿ ಮಾತು ಎತ್ತಿ. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳಿಗೂ ನಿಯಮ ಒಂದೇ ಇರಲಿ: ಎಡವಟ್ಟು ಗೊತ್ತಾದ ದಿನವೇ ಹಿರಿಯ ವೈದ್ಯರು ಮನೆಯವರಿಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳಲಿ, ತಪ್ಪಾಗಿದ್ದರೆ ಕ್ಷಮೆ ಕೇಳಲಿ, ವಿಚಾರಣೆ ಮುಗಿದ ಮೇಲೆ ವರದಿಯನ್ನು ಬರವಣಿಗೆಯಲ್ಲಿ ಕೊಡಲಿ. ಮನೆಯವರಿಗೆ ಹೇಳಲೇಬೇಕಾದ ಆಸ್ಪತ್ರೆ ತಪ್ಪನ್ನು ಹುಡುಕಲೇಬೇಕಾಗುತ್ತದೆ; ಹುಡುಕಿದ ತಪ್ಪನ್ನಷ್ಟೇ ತಿದ್ದಲು ಸಾಧ್ಯ.